ದೊಡ್ಡಮ್ಮನ ಮುಂಬಾಗಿಲು

ಮೊನ್ನೆ ರಸ್ತೆ ಅಳೆಯುವವರು ನಮ್ಮ ಮನೆಯ ಮುಂದೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹೋದರು. ಅಂಗಳ ಗುಡಿಸಲು ಬಗ್ಗಿದಾಗ ಆ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಪೊರಕೆ ಹಿಡಿದವಳು ಹಾಗೇ ನಿಂತೆ. ಎದುರುಮನೆಯ ದೊಡ್ಡಮ್ಮ ನೆನಪಾದರು...

ಮಕ್ಕಳೇ, ಆಗ ನಿಮ್ಮ ಅಪ್ಪ ಇನ್ನೂ ಕೂಸು. ಚನ್ನಗಿರಿಯ ಬಸ್ಸು ನಲ್ಲೂರಿಗೆ ಬಂದು ತಿರುಗಿ ಹೋಗುತ್ತಿತ್ತು. ಅಲ್ಲಿಯವರೆಗೆ ನಾವು ನಡೆಯಬೇಕಿತ್ತು. ಅದನ್ನು ನಮ್ಮೂರಿನ ತನಕ ಬಿಡುತ್ತಾರೆಂದಾಗ, ಎಲ್ಲಿ ನಿಲ್ಲಿಸುವುದೆಂದು ಗೊತ್ತುಮಾಡಲು ಒಬ್ಬ ಸಾಹೇಬರು ಬಂದರು. ದೊಡ್ಡಮ್ಮನ ಮನೆಯ ಮುಂದಿನ ಹೊಂಗೆಮರದ ಕೆಳಗೆ ಸುಣ್ಣ ಹಾಕಿಸಿದರು. ಅಲ್ಲಿ ನೆರಳಿತ್ತು, ಬಸ್ಸು ತಿರುಗಿಸಲು ಜಾಗವೂ ಇತ್ತು.

ಊರಿನವರು ಮುಖಮುಖ ನೋಡಿಕೊಂಡರು.

"ಅಲ್ಲಿ ಬ್ಯಾಡ್ರೀ ಸಾಹೇಬ್ರೇ, ಕೆಸರು ಐತೆ" ಎಂದರು ಒಬ್ಬರು.

"ಈ ಬ್ಯಾಸಗ್ಯಾಗೆ ಕೆಸರಾ? ನನ್ನ ಬೂಟು ನೋಡ್ರಿ, ಬರೀ ಧೂಳು!"

"ಮಳೆಗಾಲದಾಗೆ ಆಗ್ತೈತ್ರೀ."

"ಮಳೆಗಾಲದಾಗೆ ನಿಮ್ಮೂರು ಪೂರಾ ಕೆಸರೇ ಅಲ್ಲೇನ್ರೀ?"

ಕೆಸರಿನ ಮಾತು ನೆಪ. ದೊಡ್ಡಮ್ಮ ಗಂಡನನ್ನು ಕಳೆದುಕೊಂಡವರು. ಪ್ರಯಾಣ ಹೊರಟವರಿಗೆ ಅಂಥವರು ಎದುರಾಗಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಅದನ್ನು ಬಾಯಿಬಿಟ್ಟು ಹೇಳಲು ಎಲ್ಲರಿಗೂ ನಾಚಿಕೆ. ನಾನೂ ನಮ್ಮ ಬಾಗಿಲ ಮರೆಯಲ್ಲೇ ನಿಂತಿದ್ದೆ.

ಕೊನೆಗೆ ದೊಡ್ಡಮ್ಮನೇ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದರು. "ಇಲ್ಲೇ ನಿಲ್ಲಿಸ್ರಪ್ಪಾ, ಹುಡುಗ್ರು ನೆರಳಾಗೆ ನಿಂತ್ಕೊಳ್ಳಿ. ನನಗೆ ಹಿತ್ತಲ ಬಾಗ್ಲು ಐತೆ."

"ಬಸ್ಸಿಗೂ ನಿಮ್ಮ ಹಿತ್ತಲ ಬಾಗ್ಲಿಗೂ ಏನಮ್ಮಾ ಸಂಬಂಧ?" ಎಂದು ಸಾಹೇಬರು ನಕ್ಕರು. ನಮ್ಮವರು ಯಾರೂ ನಗಲಿಲ್ಲ. ಹಿತ್ತಲಿಂದ ಓಡಾಡಬೇಡಿ ಎಂದು ದೊಡ್ಡಮ್ಮನಿಗೆ ಹೇಳಲೂ ಇಲ್ಲ.

ಅಂದಿನಿಂದ ಬೆಳಗಿನ ಬಸ್ಸು ಹೋಗುವ ತನಕ ಅವರ ಮುಂಬಾಗಿಲು ತೆರೆಯುತ್ತಿರಲಿಲ್ಲ. ಜನ ಬರುವ ಮೊದಲೇ ಮರದ ಬುಡದಲ್ಲಿ ಒಂದು ಕೊಡ ನೀರು ತಂದಿಟ್ಟು ಒಳಗೆ ಹೋಗಿರುತ್ತಿದ್ದರು. ಎಲ್ಲರೂ ಕುಡಿದೆವು. ಅವರ ನೀರಿಗೆ ಮಾತ್ರ ಅಪಶಕುನ ಇರಲಿಲ್ಲ.

ಒಂದು ದಿನ ನಿಮ್ಮ ಅಪ್ಪನಿಗೆ ವಿಪರೀತ ಜ್ವರ. ಹೆಗಲ ಮೇಲೆ ಹಾಕಿಕೊಂಡು ಚನ್ನಗಿರಿಯ ಆಸ್ಪತ್ರೆಗೆ ಹೊರಟಿದ್ದೆ. ಬಸ್ಸು ಬಂದು ನಿಂತಿತ್ತು. ಮನೆಯ ಕಿಟಕಿಯಿಂದ ಕೂಸನ್ನು ಕಂಡ ದೊಡ್ಡಮ್ಮ ಎಲ್ಲ ಮರೆತು ಬಾಗಿಲು ತೆರೆದು ಓಡಿಬಂದರು. ಕೈಯಲ್ಲಿ ಶಾಲು. "ಗಾಳಿ ಐತೆ, ಕೂಸಿಗೆ ಇದನ್ನ ಹೊದಿಸವ್ವಾ."

ನಾನು ಹಿಂದೆ ಸರಿದೆ. ಮನೆಗೆ ತಿರುಗಿ, ಶಕುನ ಕೆಟ್ಟವರು ಮಾಡುವಂತೆ ಕೂತು ಒಂದು ಗುಟುಕು ನೀರು ಕುಡಿದು, ಹೊಸದಾಗಿ ಹೊರಟು ಬಂದೆ. ಡ್ರೈವರು ಹಾರನ್ ಹೊಡೆಯುತ್ತಿದ್ದ. ಅವರ ಬಾಗಿಲು ಮುಚ್ಚಿತ್ತು. ಶಾಲು ಮಡಿಸಿ ನೀರಿನ ಕೊಡದ ಪಕ್ಕ ಇಟ್ಟಿದ್ದರು. ದಾರಿಯುದ್ದಕ್ಕೂ ಕೂಸಿಗೆ ಅದನ್ನೇ ಹೊದಿಸಿದೆ.

ಆಮೇಲೆ ಒಗೆದು, ಹಿತ್ತಲ ಬಾಗಿಲಿಗೆ ಹೋಗಿ ಕೊಟ್ಟೆ. "ಜ್ವರ ಬಿಡ್ತಾ?" ಎಂದು ಕೇಳಿದರು. ಅಷ್ಟೇ. ಬೇರೆ ಏನಾದರೂ ಅಂದಿದ್ದರೆ ಚೆನ್ನಾಗಿತ್ತು...

ಈಗ ದೊಡ್ಡಮ್ಮ ಇಲ್ಲ. ರಸ್ತೆ ಅಗಲ ಮಾಡುವಾಗ ಹೊಂಗೆಮರ ಹೋಯಿತು, ಆ ಮನೆಯೂ ಹೋಯಿತು. ಅದಕ್ಕೇ ಸ್ಟಾಪು ನಮ್ಮ ಕಡೆಗೆ ಬರುತ್ತಿದೆ. "ಅಜ್ಜಿ, ನಿಮ್ಮ ಬಾಗ್ಲ ಮುಂದೇನೇ ಬರ್ತೈತೆ, ತೊಂದ್ರೆ ಇಲ್ಲಲ್ಲ?" ಎಂದು ಮೊನ್ನೆ ಅಳತೆಯ ಹುಡುಗ ಕೇಳಿದ. ಸುತ್ತ ನಿಂತವರು ಯಾರೂ ಕೆಸರಿನ ಮಾತೆತ್ತಲಿಲ್ಲ. ನಿಮ್ಮ ಅಜ್ಜ ಹೋದಮೇಲೆ ನಾನೂ ದೊಡ್ಡಮ್ಮನ ಹಾಗೆಯೇ ಎಂದು ಯಾರೂ ನೆನಪಿಸಲಿಲ್ಲ.

"ನನಗೆ ಹಿತ್ತಲ ಬಾಗ್ಲು ಐತಪ್ಪಾ" ಎಂದುಬಿಟ್ಟೆ.

ದೊಡ್ಡಮ್ಮ ಎಷ್ಟು ಕಷ್ಟಪಟ್ಟು ಆಡಿದ ಮಾತು ಅದು ಎಂದು ಆಗ ತಿಳಿಯಿತು.

ಮಕ್ಕಳೇ, ಆ ಶಾಲು ಹೊದ್ದ ಕೂಸಿನ ಮಕ್ಕಳು ನೀವು. ರಜೆ ಮುಗಿಸಿ ನೀವು ಬಸ್ಸು ಹತ್ತುವಾಗ ನಾನು ಮುಂಬಾಗಿಲಲ್ಲೇ ನಿಲ್ಲಬೇಕೆಂದಿದ್ದೇನೆ. ಆದರೆ ನನ್ನ ಧೈರ್ಯ ನನಗೆ ಗೊತ್ತು. ಬಾಗಿಲು ಮುಚ್ಚಿದ್ದರೆ ಬಂದು ತಟ್ಟಿ. ದೊಡ್ಡಮ್ಮನ ಬಾಗಿಲನ್ನು ನಾವು ಯಾರೂ ತಟ್ಟಲಿಲ್ಲ...