ಆರನೆಯ ದಿನದ ಬೆವರು

ಕಾಲಿಮ್ನಾ ದ್ವೀಪದಲ್ಲಿ ವೈದ್ಯ ಪ್ರಾಕ್ಸಿಯಾಸ್ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಫಿಲಿನ್ನಾಳ ಗಂಡ ಎಂದರೆ ಬೀದಿಯ ನಾಯಿಯೂ ಮನೆ ತೋರಿಸುತ್ತದೆ. ಆ ಗಂಡ ನಾನೇ. ಕಡಲಲ್ಲಿ ಮುಳುಗಿ ಸ್ಪಂಜು ಕೀಳುವವರ ಕಿವಿನೋವಿಗೆ ಎಣ್ಣೆ ಬಿಟ್ಟು ಹೊಟ್ಟೆ ಹೊರೆಯುತ್ತೇನೆ. ಆದರೆ ನನ್ನನ್ನು ಕೇಳಿದರೆ ನಾನು ಗ್ರಂಥಕರ್ತ. ಜ್ವರದ ದಿನಗಳ ಮೇಲೆ ಮೂರು ಸುರುಳಿಗಳ ಗ್ರಂಥ ಬರೆದಿದ್ದೇನೆ. ಇದುವರೆಗೆ ಅದನ್ನು ಪೂರ್ತಿ ಓದಿದವನು ಒಬ್ಬನೇ; ಅವನಿಗೂ ಎರಡನೆಯ ಸುರುಳಿಯಲ್ಲಿ ತೂಕಡಿಕೆ ಬಂತು. ಅವನೂ ನಾನೇ.

ಗ್ರಂಥದ ಸಾರ ಇಷ್ಟು: ಜ್ವರ ಬಂದ ದಿನದಿಂದ ಎಣಿಸುತ್ತಾ ಹೋಗಬೇಕು. ಏಳನೆಯ ದಿನ ಬೆವರಿದರೆ ರೋಗಿ ಬದುಕುತ್ತಾನೆ. ಆರನೆಯ ದಿನ ಬೆವರಿದರೆ ಮುಗಿಯಿತು. ಎಣಿಕೆ ತಪ್ಪುವ ವೈದ್ಯ ಕುರಿ ಕಾಯಲು ಹೋಗಲಿ ಎಂದೂ ಬರೆದಿದ್ದೆ. ಆ ವಾಕ್ಯವನ್ನು ಆಗಾಗ ಜೋರಾಗಿ ಓದಿಕೊಳ್ಳುತ್ತಿದ್ದೆ.

ಹೋದ ಬೇಸಿಗೆಯಲ್ಲಿ, ಮೂರನೆಯ ಸುರುಳಿ ಇನ್ನೇನು ಮುಗಿಯಿತು ಎನ್ನುವಾಗ, ಫಿಲಿನ್ನಾ ಮಗ್ಗದ ಮುಂದೆಯೇ ಕುಸಿದಳು. ಮೈ ಕೆಂಡವಾಗಿತ್ತು. ಅಂದಿಗೆ ಒಂದು ಎಂದು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದೆ. ಬಾರ್ಲಿ ಗಂಜಿ ಸೋಸಿ ಕುಡಿಸಿದೆ, ಜೇನು ಬೆರೆಸಿದ ಹುಳಿನೀರು ಕೊಟ್ಟೆ, ದಿನಕ್ಕೊಂದು ಗೆರೆ ಎಳೆದೆ. ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ಹೋಗಿಬಿಟ್ಟರೆ ಏನು ಮಾಡಲಿ ಎಂದು ಜೀವ ನಡುಗುತ್ತಿತ್ತು. ನಡುಕ ಮರೆಯಲು ಗೆರೆಗಳನ್ನೇ ಮತ್ತೆ ಮತ್ತೆ ಎಣಿಸಿದೆ.

ಆರನೆಯ ಗೆರೆಯ ಬೆಳಿಗ್ಗೆ ಅವಳು ಬೆವರಿದಳು. ಹಾಸಿಗೆಯೆಲ್ಲ ತೊಯ್ದುಹೋಯಿತು. ಎಣಿಸಿದೆ: ಆರು. ಇನ್ನೊಮ್ಮೆ ಎಣಿಸಿದೆ: ಹಾಳಾದ್ದು ಆರೇ. ನನ್ನ ಗ್ರಂಥ ಸುಳ್ಳಾಗಲಪ್ಪಾ ಎಂದು ಮೊದಲ ಬಾರಿಗೆ ದೇವರನ್ನು ಬೇಡಿದೆ. ಆದರೆ ನಂಬಿಕೆಯಿದ್ದದ್ದು ಗ್ರಂಥದ ಮೇಲೆಯೇ. ಅವಳ ತಮ್ಮ ಸಿಮೋಸನಿಗೆ ಹೇಳಿಕಳಿಸಿದೆ. ಅವನು ಹೆಣಕ್ಕೆ ಹೊದಿಸುವ ಬಿಳಿ ಬಟ್ಟೆ, ಹಚ್ಚುವ ಎಣ್ಣೆಯ ಕುಡಿಕೆ ಹಿಡಿದು ಗೋಳೋ ಎಂದು ಅಳುತ್ತಾ ಬಂದ. ನಾನೂ ದನಿಗೂಡಿಸಿದೆ.

ಫಿಲಿನ್ನಾ ಕಣ್ಣು ಬಿಟ್ಟಳು. "ಏನೋ ಸಿಮೋಸ್, ಯಾರ್ ಸತ್ರೋ?"

ಸಿಮೋಸ್ ಬಟ್ಟೆಯನ್ನೂ ಕುಡಿಕೆಯನ್ನೂ ಬೆನ್ನ ಹಿಂದೆ ಬಚ್ಚಿಟ್ಟ. "ಯಾರೂ ಇಲ್ಲಕ್ಕ... ಭಾವ ಹೇಳಿದ್ರು, ನೀನು..."

"ಭಾವ ಹೇಳಿದ್ರು ಅಂತ ಸತ್ತೇಬಿಡ್ಬೇಕಾ? ಹೊಟ್ಟೆ ಹಸೀತಿದೆ, ನಾಲ್ಕು ಅಂಜೂರ ತಗೊಂಬಾ ಹೋಗು."

ನಾನು ಅವಳ ಹಣೆ ಮುಟ್ಟಿದೆ. ತಣ್ಣಗಿತ್ತು. ಕುಣಿಯುವಷ್ಟು ಸಂತೋಷವಾಯಿತು. ಅಷ್ಟಕ್ಕೇ ಸುಮ್ಮನಿರಬಹುದಿತ್ತು, ಆದರೆ ನನ್ನೊಳಗಿನ ಗ್ರಂಥಕರ್ತ ಬಾಯಿ ಹಾಕಿದ.

"ಇವತ್ತು ಆರನೇ ದಿನ ಕಣೇ! ಆರನೇ ದಿನ ಬೆವತು ಯಾರೂ ಉಳಿಯಲ್ಲ!"

"ಆರಲ್ಲ ರೀ, ಏಳು. ನಾನು ಬೀಳೋ ಹಿಂದಿನ ದಿನಾನೇ ಜ್ವರ ಬಂದಿತ್ತು. ನಿಮ್ಮ ಮುಂದೆ ನಿಂತು ಹೇಳ್ದೆ, ಮೈ ಸುಡ್ತಿದೆ, ಒಂದ್ಸಲ ಮುಟ್ಟಿ ನೋಡಿ ಅಂತ."

"ನಾನೇನಂದೆ?"

"ಶಾಯಿ ಒಣಗ್ತಿದೆ, ಆಮೇಲೆ ನೋಡ್ತೀನಿ ಅಂದ್ರಿ."

ಸಿಮೋಸ್ ನಗು ತಡೆಯಲಾರದೆ ಅಂಜೂರದ ನೆಪದಲ್ಲಿ ಹೊರಗೆ ಓಡಿದ. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗ್ರಂಥವೇನೋ ಸರಿಯಾಗಿತ್ತು; ತಪ್ಪಿದ್ದು ಗ್ರಂಥಕರ್ತನ ಎಣಿಕೆ. ಅವಳು ಅಂಜೂರ ತಿನ್ನುತ್ತಿದ್ದಾಗ ಮೂರನೆಯ ಸುರುಳಿ ಬಿಚ್ಚಿ ಕೊನೆಯಲ್ಲಿ ಹೀಗೆ ಸೇರಿಸಿದೆ: 'ಕಾಲಿಮ್ನಾದ ಫಿಲಿನ್ನಾ ಏಳನೆಯ ದಿನ ಬೆವರಿ ಉಳಿದಳು. ಮೊದಲ ದಿನ ವೈದ್ಯ ಅವಳನ್ನು ನೋಡಲಿಲ್ಲ. ವೈದ್ಯ ಮನೆಯಲ್ಲೇ ಇದ್ದ.'