ಬುತ್ತಿ ಗಂಟು ಮೊದಲು, ಅಳಿಯ ಏಳನೆಯವನು

ಹಡಗು ಸೀಟಿ ಹೊಡೆದಾಗಲೆಲ್ಲ ನಮ್ಮತ್ತೆ ನಮ್ಮನ್ನು ಎಣಿಸುತ್ತಿದ್ದರು.

ನಗಬೇಡಿ. ಅಕ್ಕಲಕೋಟ ಹತ್ತಿರದ ವಾಗದರಿಯಲ್ಲಿ ನಲವತ್ತು ವರ್ಷ ಕುರಿ ಕಾಯ್ದ ಹೆಂಗಸು. ಸಂಜೆ ದೊಡ್ಡಿಯ ಬಾಗಿಲಲ್ಲಿ ನಿಂತು ಎಣಿಕೆ ಸರಿಹೋಗುವ ತನಕ ಬಾಯಿಗೆ ನೀರೂ ಹಾಕುವುದಿಲ್ಲ.

ಎಣಿಸುವಾಗ "ಒಂದು" ಅನ್ನುವುದಿಲ್ಲ. "ಲಾಭ" ಅನ್ನುತ್ತಾರೆ, ಶುಭವಾಗಲಿ ಅಂತ. ಆಮೇಲೆ ಎರಡು, ಮೂರು...

ಹಡಗಿನ ಡೆಕ್ಕಿನ ಮೇಲೂ ಅದೇ. ಬುತ್ತಿ ಗಂಟು ಲಾಭ. ಟ್ರಂಕು ಎರಡು. ಹಾಸಿಗೆ ಸುರುಳಿ ಮೂರು. ನೀರಿನ ತಂಬಿಗೆ ನಾಲ್ಕು. ಮಗಳು, ಅಂದರೆ ನನ್ನ ಹೆಂಡತಿ ಶಾಂತಾ, ಐದು. ತಾವು ಆರು.

ಎಲ್ಲ ಮುಗಿದ ಮೇಲೆ ನಾನು. ಏಳು!

"ಅತ್ತಿ, ತಂಬಗಿಗಿಂತ ನಾ ಕಡಿಮಿ ಆದ್ನೇನ್ರಿ?" ಅಂದೆ.

"ತಂಬಗಿ ಇಟ್ಟಲ್ಲೇ ಇರ್ತೈತ್ರಿ ಅಳಿಯಾರ."

ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ತಪ್ಪು ನನ್ನದೇ. ಶಾಂತಾಳ ತಮ್ಮನಿಗೆ ರತ್ನಾಗಿರಿಯಲ್ಲಿ ನೌಕರಿ ಸಿಕ್ಕಿತ್ತು, ಅವ್ವನನ್ನು ಕರೆದುಕೊಂಡು ಬನ್ನಿ ಅಂತ ಕಾಗದ ಹಾಕಿದ್ದ. ಸೋಲಾಪುರದಿಂದ ಕೊಲ್ಹಾಪುರದ ಮೇಲೆ ಬಸ್ಸಿನಲ್ಲಿ ಹೋಗಿಬಿಡಬಹುದಿತ್ತು.

ಆದರೆ ಹದಿನೆಂಟು ವರ್ಷ ಗಿರಣಿಯ ಮಗ್ಗದ ಮುಂದೆ ನಿಂತವನು ನಾನು. ಒಂದು ಸಲ ಹಡಗಿನಲ್ಲಿ ಸಾಹೇಬನ ಹಾಗೆ ಕಾಲು ಚಾಚಿ ಕೂರಬೇಕು ಅನ್ನುವ ಹುಚ್ಚು. ಅದಕ್ಕೇ ರೈಲಿನಲ್ಲಿ ಮುಂಬಯಿ, ಅಲ್ಲಿಂದ ಹಡಗು.

ಶಾಂತಾ ಒಂದೇ ಮಾತು ಹೇಳಿದ್ದಳು. "ನಮ್ಮವ್ವ ಮೊದ್ಲೇ ಅಂಜುಬುರುಕಿ. ಹೆಂಗ ಕರ್ಕೊಂಡ ಹೊಂಟೀರಿ, ಹಂಗ ತಂದು ಮುಟ್ಟಸ್ರಿ ಮತ್ತ."

ಅಂಜುಬುರುಕಿ ಅಂದರೆ ಎಂಥವರು? ವಾಗದರಿಯಿಂದ ಸೋಲಾಪುರಕ್ಕೆ ಬರುವಾಗ ನಡುದಾರಿಯ ಕುಂಭಾರಿ ಊರಲ್ಲಿ ಕೆಳಗಿಳಿದು, ಬಸ್ಸಿನ ನಾಲ್ಕೂ ಗಾಲಿ ಇವೆಯೋ ಇಲ್ಲವೋ ನೋಡಿ ಮತ್ತೆ ಹತ್ತಿದವರು!

ಹಡಗಿನಲ್ಲಂತೂ ಸಮುದ್ರಕ್ಕೆ ಬೆನ್ನು ಮಾಡಿ, ನಟ್ಟನಡುವೆ ಒಂದು ಕಂಬ ಹಿಡಿದು ಕೂತುಬಿಟ್ಟರು. ಅಂಚಿನ ಕಂಬಿಯ ಹತ್ತಿರ ಬನ್ನಿ, ನೀರು ನೋಡಿ ಅಂದರೆ ಕಣ್ಣು ಮುಚ್ಚುತ್ತಾರೆ.

"ಅಳಿಯಾರ, ಈ ಹೊಳಿಗೆ ಆ ಕಡೀ ದಂಡಿ ಎಲ್ಲೈತ್ರಿ?"

"ಆ ಕಡಿ ಅರಬಸ್ತಾನ ಐತ್ರಿ ಅತ್ತಿ. ಡ್ರೈವರಗ ಕಣ್ಣ ಹತ್ತಿತಂದ್ರ ಸೀದಾ ಗೋವಾಕ್ಕ ಹೋಗ್ತೈತಿ, ಪೋರ್ಚುಗೀಸರು ಹಿಡ್ಕೋತಾರ!"

ಅಷ್ಟೇ. ಸೊಂಟದ ಚೀಲ ಬಿಚ್ಚಿ ಬೀರಪ್ಪನ ಭಂಡಾರ ತೆಗೆದು, ಬೆನ್ನ ಹಿಂದಿನ ಸಮುದ್ರಕ್ಕೆ ಎರಡು ಹಿಡಿ ಎಸೆದರು. ಅರಿಶಿನವೆಲ್ಲ ಗಾಳಿಗೆ ಹಾರಿ ಪಕ್ಕದ ಕೊಂಕಣಿ ಮುದುಕರ ಬಿಳಿ ಟೋಪಿಯ ಮೇಲೆ!

ನಾನು ಹೊಟ್ಟೆ ಹಿಡಿದು ನಕ್ಕೆ... ಆಮೇಲೆ ಅದೇ ಟೋಪಿ ನನ್ನನ್ನು ಸಿಕ್ಕಿಸಿತು.

ಹರ್ಣೈ ಬಂದರು ಬಂತು. ಅಲ್ಲಿ ಹಡಗು ದಂಡೆಗೆ ಹೋಗುವುದಿಲ್ಲ, ನೀರಿನಲ್ಲೇ ನಿಲ್ಲುತ್ತದೆ. ಸಣ್ಣ ದೋಣಿಗಳು ಪಕ್ಕಕ್ಕೆ ಬರುತ್ತವೆ, ಜನ ಏಣಿ ಇಳಿದು ದೋಣಿ ಹತ್ತಬೇಕು.

ಟೋಪಿಯ ಮುದುಕರು ಇಳಿಯುವವರಿದ್ದರು. ಅರಿಶಿನ ಬಿದ್ದ ಪಾಪ ತೊಳೆಯೋಣ ಅಂತ ಅವರ ಟ್ರಂಕನ್ನು ನಾನೇ ಹೊತ್ತು ಇಳಿದೆ. ಇಳಿದವನು ಸುಮ್ಮನೆ ಮೇಲೆ ಬರಬೇಕಲ್ಲ? ದೋಣಿಯವರ ಜೊತೆ ನಮ್ಮ ಸೋಲಾಪುರದ ಮರಾಠಿಯಲ್ಲಿ ಚೇಷ್ಟೆ ಮಾಡುತ್ತ ನಿಂತೆ. ನಿಮ್ಮ ದೋಣಿಗಿಂತ ನಮ್ಮ ಟಾಂಗಾ ಕಡಿಮೆ ಅಲುಗಾಡುತ್ತದೆ ಅಂತ.

ಅವರೂ ನಕ್ಕರು. ನಗುತ್ತಲೇ ದೋಣಿ ತಳ್ಳಿಬಿಟ್ಟರು.

ನೋಡುತ್ತೇನೆ, ನನಗೂ ಏಣಿಗೂ ನಡುವೆ ಹತ್ತು ಮೊಳ ನೀರು! ತಿರುಗಿಸಪ್ಪ ಅಂದರೆ, ಮೊದಲು ದಂಡೆ, ಆಮೇಲೆ ಮಾತು ಅನ್ನುತ್ತಾನೆ ದೋಣಿಯವ.

ಹಡಗು ಸೀಟಿ ಹೊಡೆಯಿತು.

ಮೂರೂ ಟಿಕೆಟ್ ನನ್ನ ಜೇಬಿನಲ್ಲಿ. ಮೇಲೆ, ಸೋಲಾಪುರದ ಆಚೆ ಇದೇ ಮೊದಲ ಸಲ ಬಂದ ಇಬ್ಬರು ಹೆಂಗಸರು. ಟಿಕೆಟ್ ಹಿಡಿದ ಕೈ ಎತ್ತಿ ಬೀಸಿದೆ, ಯಾರೂ ನೋಡಲಿಲ್ಲ. ಮೇಲೆ ಖಲಾಸಿಗಳು ಏಣಿಯ ಹಗ್ಗಕ್ಕೆ ಕೈ ಹಾಕಿದರು.

ಆಗ ಕೇಳಿತು. ಕುರಿ ಹಿಂಡು ದಾರಿ ತಪ್ಪಿದಾಗ ಕೂಗುತ್ತಾರಲ್ಲ, ಆ ಕೂಗು.

"ಲೇ ಸಿದ್ರಾಮ್ಯಾ!"

ಮದುವೆಯಾದಾಗಿನಿಂದ ಅತ್ತೆ ನನ್ನ ಹೆಸರು ಹಿಡಿದವರಲ್ಲ. ತಲೆ ಎತ್ತಿದರೆ... ಕಂಬ ಬಿಡದ ಹೆಂಗಸು ಏಣಿ ಇಳಿಯುತ್ತಿದ್ದಾರೆ! ಕೊನೆಯ ಮೆಟ್ಟಿಲಿಗೆ ಬಂದು, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕಣ್ಣು ಮುಚ್ಚಿ ಕೂತೇಬಿಟ್ಟರು. ಅಲೆ ಬಂದು ಪಾದ ತೋಯಿಸುತ್ತಿದೆ.

"ಆಜಿ, ವರ್ ಯಾ! ವರ್ ಯಾ!" ಮೇಲೆ ಬಾ ಅಂತ ಖಲಾಸಿ ಬಡಿದುಕೊಳ್ಳುತ್ತಾನೆ.

"ಆರ ಅದಾವು, ಆರ! ಏಳಾಗೂ ತನಕ ಹಡಗ ಹೊಂಡಂಗಿಲ್ಲ!"

ಅವನಿಗೆ ಕನ್ನಡ ಬಾರದು. ಬರಬೇಕಾಗಿಯೂ ಇರಲಿಲ್ಲ. ಮುದುಕಿ ಎದ್ದ ಹೊರತು ಏಣಿ ಮೇಲೇಳದು, ಏಣಿ ಎದ್ದ ಹೊರತು ಹಡಗು ಹೊರಡದು. ಬಿಳಿ ಬಟ್ಟೆಯ ಸಾಹೇಬನೊಬ್ಬ ಬಗ್ಗಿ ನೋಡಿದ, ಸಿಟ್ಟಿನಿಂದ ದೋಣಿಗೆ ಕೈ ಮಾಡಿದ. ದೋಣಿಯವರು ಬೈಯುತ್ತ ತಿರುಗಿಸಿದರು.

ಅತ್ತೆ ಹಗ್ಗ ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಕೈ ಹಿಡಿದು ಮೇಲೆ ಕರೆತಂದು ಕಂಬದ ಹತ್ತಿರ ಕೂರಿಸಿದೆ.

ಕಣ್ಣೊರೆಸಿಕೊಂಡು ಶಾಂತಾ ಕೇಳಿದಳು, "ಏನ್ರಿ, ಯಾರು ಯಾರ್ನ ತಂದು ಮುಟ್ಟಿಸಿದ್ರು?"

ಅತ್ತೆ ಬೈಯಲಿಲ್ಲ. ತಂಬಿಗೆಯಿಂದ ಎರಡು ಗುಟುಕು ನೀರು ಕುಡಿದರು. ಚೀಲದಲ್ಲಿ ಉಳಿದಿದ್ದ ಭಂಡಾರ ನನ್ನ ಹಣೆಗೆ ಬಳಿದರು.

ಆಮೇಲೆ ಮತ್ತೆ ಎಣಿಕೆ.

ನಾನು ಬುತ್ತಿ ಗಂಟಿನ ಕಡೆ ನೋಡುತ್ತಿದ್ದೆ. ಕೈ ಅಲ್ಲಿಗೆ ಹೋಗಲಿಲ್ಲ. ನನ್ನ ತಲೆಯ ಮೇಲೆ ಬಂತು.

"ಲಾಭ," ಅಂದರು.

ಬುತ್ತಿ ಗಂಟು ಎರಡಕ್ಕೆ ಇಳಿಯಿತು. ರತ್ನಾಗಿರಿ ಬರುವ ತನಕ ನಾನು ತಂಬಿಗೆಯ ಪಕ್ಕದಲ್ಲಿ, ಇಟ್ಟಲ್ಲೇ ಇದ್ದೆ.

ಈಗ ನೀವು ಹೇಳಿ ದೋಸ್ತರೇ, ನಿಮ್ಮತ್ತೆ ನಿಮ್ಮನ್ನು ಎಷ್ಟನೇ ನಂಬರಿಗೆ ಎಣಿಸುತ್ತಾರೆ?