ಬಲಗಡೆಯ ಪೆಟ್ಟಿಗೆ ಕೆಳಗಿಳಿದ ದಿನ

ಆಗ ನನಗೆ ಅರವತ್ತೆಂಟು. ಅದಾಗಿ ಎರಡು ವರ್ಷವಾಯಿತು. ಕಲಘಟಗಿಯ ನಮ್ಮ ಮನೆಯಲ್ಲಿ ತೊಟ್ಟಿಲಿಗೆ ಚಿತ್ರ ಬರೆಯುವವಳು ನಾನು, ಅದನ್ನು ಕಂಪ್ಯೂಟರಿನಲ್ಲಿ ತೋರಿಸಿ ಮಾರುವವಳು ಸೊಸೆ. ನಾನು ಕಲಿತದ್ದು ಎರಡನೇ ಇಯತ್ತೆ. ಅವಳ ಕೆಲಸ ತಿಳಿಯದು, ಬೈಗುಳ ತಿಳಿಯುತ್ತದೆ.

ಆ ಮಧ್ಯಾಹ್ನ ಬೈಗುಳ ಜೋರಾಗಿತ್ತು. ನಮ್ಮ ವೆಬ್‌ಸೈಟನ್ನು ಮೊಬೈಲಿನಲ್ಲಿ ತೆರೆದರೆ ತೊಟ್ಟಿಲು ಅರ್ಧಕ್ಕೇ ಕತ್ತರಿಸಿದಂತೆ ಕಾಣುತ್ತಿತ್ತು. ಬೆಳಗಾವಿಯ ಒಂದು ಮನೆಯವರು ಸಂಜೆ ಎಲ್ಲರೂ ಕೂತು ನೋಡಿ, ಹಿಡಿಸಿದರೆ ನಾಮಕರಣಕ್ಕೆ ತೊಟ್ಟಿಲು ಮಾಡಲು ಹೇಳುವವರಿದ್ದರು. ಅಷ್ಟರೊಳಗೆ ಸರಿಯಾಗಬೇಕು. ಪುಟದ ಒಳಗನ್ನು ಬಿಚ್ಚಿ ತೋರಿಸುವ ಪೆಟ್ಟಿಗೆಯೊಂದು ಬ್ರೌಸರಿನಲ್ಲಿದೆ; ಅದು ಯಾವಾಗಲೂ ಪರದೆಯ ಬಲಗಡೆ ತೆರೆಯುತ್ತಿತ್ತಂತೆ. ಬೆಳಿಗ್ಗೆ ಬ್ರೌಸರ್ ಅಪ್‌ಡೇಟ್ ಆಗಿ ಅದು ಕೆಳಗಿಳಿದು ಕೂತಿತ್ತು. ಒಳಗಿನ ಸಾಮಾನೆಲ್ಲ ಅದಲುಬದಲು.

"ಇದು ಯಾರಿಗೆ ಬೇಕಾಗಿತ್ರೀ ಅತ್ತಿ? ಅಗಲ ತಿದ್ದೂ ಜಾಗಾನ ಸಿಗವಲ್ದು. ಕೈ ಬಲಕ್ಕ ಹೊಕ್ಕೈತಿ, ಅಲ್ಲಿ ಏನೂ ಇಲ್ಲ!"

"ಮೊನ್ನಿ ನನ್ನ ಬಣ್ಣದ ಪರಟಿ ಎತ್ತಿಟ್ಟಿ ನೋಡು, ನನಗೂ ಹಿಂಗ ಆಗಿತ್ತು," ಎಂದೆ.

ನಾನು ನೆಲಕ್ಕೆ ಬಗ್ಗಬಾರದೆಂದು ಬಣ್ಣ ತುಂಬಿದ ತೆಂಗಿನ ಪರಟೆಗಳನ್ನು ಅವಳು ಸ್ಟೂಲಿನ ಮೇಲೆ ಜೋಡಿಸಿದ್ದಳು. ಅದ್ದುವಾಗ ನಾನು ಪರಟೆ ನೋಡುವುದಿಲ್ಲ. ಕಣ್ಣು ಗೆರೆಯ ಮೇಲೆ, ಕೈ ತಾನೇ ಹೋಗುತ್ತದೆ. ಹಸಿರೆಂದು ಅದ್ದಿ ಗಿಳಿಯ ಮೈಗೆ ಕೆಂಪು ಬಳಿದೆ. ರೇಗಿ, ಎಲ್ಲವನ್ನೂ ತಿರುಗಿ ನೆಲಕ್ಕಿಟ್ಟಿದ್ದೆ.

"ನಾ ನಿಮ್ಮ ಸೊಂಟದ ಸಲುವಾಗಿ ಮಾಡಿದ್ದೆರಿ. ಈ ಬ್ರೌಸರಿನವರು ಯಾರ ಸೊಂಟದ ಸಲುವಾಗಿ ಮಾಡ್ಯಾರ?"

"ಅವರ ಅತ್ತೀ ಸೊಂಟದ ಸಲುವಾಗಿ ಇರಬೇಕು. ಬೈಯೂದು ಬಿಟ್ಟು ಹುಡುಕು ಬೇ. ಮನ್ಯಾಗಿನ ಸಾಮಾನು ಮನ್ಯಾಗ ಇರತೈತಿ."

ನಕ್ಕಳು. ಮೂಲೆಯ ಮೂರು ಚುಕ್ಕೆ ಒತ್ತಿ ಪೆಟ್ಟಿಗೆಯನ್ನು ಬಲಕ್ಕೆ ತಂದಳು. ಒಳಗಿನ ಸಾಮಾನು ಮಾತ್ರ ಹಳೆಯ ಜಾಗಕ್ಕೆ ಬರಲಿಲ್ಲ. ಒಂದೊಂದಾಗಿ ತೆರೆದು ನೋಡುತ್ತ ಹೋದಳು. ಚಹಾ ಆರಿಹೋಯಿತು. ಹೊತ್ತು ಇಳಿಯುವ ಮುಂಚೆ ಜಾಗ ಸಿಕ್ಕಿತು. ತಿದ್ದಿ, ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು. ತೊಟ್ಟಿಲು ಇಡಿಯಾಗಿ ಕಾಣುತ್ತಿತ್ತು.

ಸಂಜೆ ಬೆಳಗಾವಿಯ ಆ ಮನೆಯ ಅಜ್ಜಿ ಫೋನಿನಲ್ಲಿ, "ಇದನ್ನ ಕಳಸ್ರಿ, ಆದ್ರ ಗಿಳಿ ಇನ್ನೂ ದೊಡ್ಡು ಬರೀರಿ" ಎಂದಳು.

ಮರುದಿನ ಬೆಳಿಗ್ಗೆ ಪರಟೆಗಳನ್ನು ನಾನೇ ಎತ್ತಿ ಸ್ಟೂಲಿನ ಮೇಲಿಟ್ಟೆ. ಮುರುಕು ಹಲಗೆಯೊಂದರ ಮೇಲೆ ಗಿಳಿ ಬರೆಯಲು ಕೂತೆ. ಮೊದಲನೆಯದು ಕೆಂಪಾಯಿತು. ಒರೆಸಿ, ಇನ್ನೊಂದು ಬರೆದೆ.